ಐದು ಜನ ಗೆಳತಿಯರು, ಒಂದು ಸಂಜೆ

ಪ್ರಶ್ನೆ: ಅಕ್ಕಾ, ನಾವು ಕಾಲೇಜಿನಲ್ಲಿ ಜೊತೆಗಿದ್ದ ಐದು ಜನ ಗೆಳತಿಯರು. ಈಗ ಎಲ್ಲರೂ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದೇವೆ. ಒಂದು ಸಂಜೆ ಸೇರೋಣ ಅಂತ ಜನವರಿಯಿಂದ ವಾಟ್ಸಾಪ್ ಗ್ರೂಪಿನಲ್ಲಿ ಮಾತಾಡುತ್ತಲೇ ಇದ್ದೇವೆ. ಒಬ್ಬಳಿಗೆ ಡೇಟು ಆಗಲ್ಲ, ಇನ್ನೊಬ್ಬಳಿಗೆ ಹೋಟೆಲು ಆಗಲ್ಲ, ಈಗ ಸೆಕೆ ಬೇರೆ. ಏನು ಮಾಡಲಿ?
– ಒಬ್ಬ ಓದುಗರು, ಜೆ.ಪಿ. ನಗರ

ಉತ್ತರ: ‘ಎಲ್ಲಿಗೆ ಹೋಗೋಣ?’ ಅಂತ ಕೇಳುವುದನ್ನು ಮೊದಲು ನಿಲ್ಲಿಸಮ್ಮ. ಕೇಳಿದರೆ ಐದು ಬಾಯಿಂದ ಐದು ಜಾಗ ಬರುತ್ತದೆ. ಸುಮ್ನೆ ಹೊರಟುಬಿಡಿ. ಹೊರಟ ಮೇಲೆ ಹೇಳಿ.

ನಮ್ಮ ಗ್ರೂಪಿನದ್ದೂ ಇದೇ ಕಥೆಯಾಗಿತ್ತು. ಹೋದ ವರ್ಷ ಏಪ್ರಿಲ್ಲಿನ ಒಂದು ಶನಿವಾರ. ನಮ್ಮದು ಮೇಲಿನ ಮಹಡಿ, ತಾರಸಿ ಕಾದು ಹಂಚಾಗಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿ. ನಾಲ್ಕೂವರೆಗೆ ತಲೆಕೆಟ್ಟು ಲಾಲ್‌ಬಾಗಿಗೆ ಹೋದೆ. ಬಂಡೆ ಮೇಲಿನ ಕೆಂಪೇಗೌಡರ ಗೋಪುರದ ಫೋಟೊ ತೆಗೆದು ಗ್ರೂಪಿಗೆ ಹಾಕಿ, ‘ಬಾಗಿಲು ಹಾಕೋವರೆಗೂ ಇಲ್ಲೇ ಇರ್ತೀನಿ’ ಅಂತ ಬರೆದೆ. ಯಾರನ್ನೂ ಏನೂ ಕೇಳಲಿಲ್ಲ.

ಐದೂವರೆಗೆ ಒಬ್ಬಳು ಬಂದಳು. ಆರಕ್ಕೆ ಇನ್ನೊಬ್ಬಳು, ಲ್ಯಾಪ್‌ಟಾಪ್ ಬ್ಯಾಗಿನ ಸಮೇತ. ಬಂಡೆ ಮೇಲೆ ಕೂತವರು ಕೂತ ಹಾಗೇ ಎದ್ದೆವು, ಅಷ್ಟು ಬಿಸಿ! ಸುಮಾರು 300 ಕೋಟಿ ವರ್ಷದ ಬಂಡೆಯದು. ಒಂದು ದಿನದ ಬಿಸಿಲನ್ನು ಬಿಟ್ಟುಕೊಡೋಕೆ ಅದಕ್ಕೇನು ಅವಸರ, ಅಲ್ವಾ?

ಸೆಕೆಗೆ ಹೆದರಬೇಡಿ. ಈ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೂ ಉಂಟು. ಆದರೆ ನಾವಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಹೊತ್ತು ಇಳಿದರೆ ಗಾಳಿ ತಿರುಗುತ್ತದೆ. ಅವತ್ತು ಗಾಳಿಯ ಹಿಂದೆಯೇ ದಪ್ಪ ಹನಿಯೂ ಶುರುವಾಯಿತು. ಛತ್ರಿ ಇದ್ದದ್ದು ಒಂದೇ. ಪಶ್ಚಿಮದ ಗೇಟಿನಿಂದ ಮೂವರೂ ಓಡುತ್ತಾ, ನಿಲ್ಲುತ್ತಾ ವಿ.ವಿ. ಪುರಂನ ತಿಂಡಿ ಬೀದಿ ಸೇರಿದೆವು. ‘ನಾನು ಬರಲ್ಲ’ ಅಂದಿದ್ದ ನಾಲ್ಕನೆಯವಳು ಸಜ್ಜನ್‌ರಾವ್ ಸರ್ಕಲ್ಲಿನಲ್ಲಿ ಆಗಲೇ ನಿಂತಿದ್ದಳು!

ಒಬ್ಬಟ್ಟಿನ ಅಂಗಡಿಯ ಟಾರ್ಪಾಲಿನ ಕೆಳಗೆ ನುಗ್ಗಿದೆವು. ಅಂಗಡಿಯಾತ ಹೂರಣದ ಉಂಡೆಯನ್ನು ಕಣಕದೊಳಗೆ ಮುಚ್ಚಿ, ಎಣ್ಣೆ ಸವರಿದ ಹಾಳೆ ಮೇಲೆ ತಟ್ಟಿ, ಹಾಳೆ ಸಮೇತ ಕಾವಲಿ ಮೇಲೆ ಮಗುಚಿ, ಹಾಳೆಯನ್ನಷ್ಟೇ ಸಿಪ್ಪೆಯ ಹಾಗೆ ಎಳೆದುಕೊಳ್ಳುತ್ತಿದ್ದ. ಒಂದೂ ಹರಿಯಲಿಲ್ಲ. ತಲೆ ಮೇಲೆ ಟಾರ್ಪಾಲು ನೀರು ತುಂಬಿ ಬಸುರಿಯ ಹೊಟ್ಟೆಯ ಹಾಗೆ ಇಳಿಬಿದ್ದಿತ್ತು. ಅವನು ಒಂದು ಕೋಲಿನಿಂದ ಅದನ್ನು ತಿವಿದ. ಅಷ್ಟೂ ನೀರು ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ! ‘ಇದ್ರೊಳಗೆ ಸೋಮವಾರದ ಮೀಟಿಂಗ್ ಇದೆ ಕಣ್ರೇ’ ಅಂತ ಅವಳು ಕೂಗಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಪುಣ್ಯಕ್ಕೆ ಬ್ಯಾಗಷ್ಟೇ ಒದ್ದೆಯಾಗಿತ್ತು. ಅಲ್ಲಿಗೆ ಹೋದರೆ ಒಂದೊಂದೇ ಪ್ಲೇಟು ತಗೊಂಡು ಹಂಚಿಕೊಳ್ಳಿ. ಇಲ್ಲದಿದ್ದರೆ ಪಡ್ಡು ಸಿಗುವಷ್ಟರಲ್ಲೇ ಹೊಟ್ಟೆ ತುಂಬಿಹೋಗಿ, ಗುಲ್ಕನ್‌ಗೆ ಜಾಗ ಇರಲ್ಲ.

ಮಳೆ ನಿಂತ ಮೇಲೆ ಆಟೊ ಹಿಡಿದು ಚಾಮರಾಜಪೇಟೆಗೆ ಹೋದೆವು. ಅಲ್ಲಿನ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವ ನಡೆಯುತ್ತದಲ್ಲ, 1939ರಲ್ಲಿ ಶುರುವಾದದ್ದು. ಟಿಕೆಟ್ ತಗೊಂಡು ಒಳಗೆ ಕೂರುವ ಹೊತ್ತು ಮೀರಿತ್ತು. ರಸ್ತೆಯಲ್ಲೇ ಕಾಂಪೌಂಡಿನ ಪಕ್ಕ ನಿಂತು, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಕೇಳಿದೆವು. ನಮ್ಮಲ್ಲಿ ಒಬ್ಬಳಿಗೂ ಸಂಗೀತ ಗೊತ್ತಿಲ್ಲ. ಆದರೂ ತೊಡೆ ಮೇಲೆ ತಾಳ ಹಾಕಿದ್ದೇ ಹಾಕಿದ್ದು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈ ನೋಡಿ ‘ಬೇಡಮ್ಮಾ’ ಅಂದರು. ಆಮೇಲೆ ಹತ್ತಿರದ ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಿಂದ ಮೆಟ್ರೊ ಹತ್ತಿ ಮನೆ.

ಲಾಲ್‌ಬಾಗ್, ತಿಂಡಿ ಬೀದಿಗೆ ಹತ್ತಿರದ ನ್ಯಾಷನಲ್ ಕಾಲೇಜು, ಮಾರ್ಕೆಟ್ಟು ಎಲ್ಲಾ ಹಸಿರು ಮಾರ್ಗದಲ್ಲೇ ಸಿಗುತ್ತವೆ. ಜೆ.ಪಿ. ನಗರದವರಿಗೂ ಅನುಕೂಲ, ಟ್ರಾಫಿಕ್ಕಿನ ತಲೆನೋವಿಲ್ಲ. ಗಾಂಧಿಬಜಾರಿನ ಕಡೆ ಮನಸ್ಸಾದರೆ ಶುಕ್ರವಾರ ಮಾತ್ರ ಬೇಡ, ಅಲ್ಲಿನ ವಿದ್ಯಾರ್ಥಿ ಭವನ ಹೋಟೆಲಿಗೆ ಅವತ್ತು ರಜೆ.

ನಮ್ಮ ಐದನೆಯವಳು ಬರಲೇ ಇಲ್ಲ. ಮಾರನೇ ದಿನ ಬೆಳಗ್ಗೆ ಗ್ರೂಪಿನಲ್ಲಿ ಅವಳದೊಂದು ಮೆಸೇಜು: ‘ಒಂದು ವಾರ ಮುಂಚೆ ಹೇಳಬಾರದಿತ್ತೇನ್ರೇ?’