ದಿನಾ ಫೋನ್ ಮಾಡುವವರಿಗೆ ಕಾಗದದಲ್ಲಿ ಏನು ಬರೆಯೋದು?

ಹೊಸಹಳ್ಳಿಯಿಂದ ನಿವೃತ್ತ ಟೀಚರ್ ಒಬ್ಬರು ಬರೆದಿದ್ದಾರೆ: "ಪುಣೆಯಲ್ಲಿರುವ ಮೊಮ್ಮಗಳು ಇನ್‌ಲ್ಯಾಂಡ್ ಲೆಟರಿನಲ್ಲಿ ನನಗೊಂದು ಕಾಗದ ಬರೆದಿದ್ದಾಳೆ. ಅವಳಿಗೆ 11 ವರ್ಷ. ಪಿನ್ ಕೋಡ್ ಹಾಕಿರಲಿಲ್ಲ, 14 ದಿನ ಅಲೆದು ಬಂತು. ಗೇಟಿನ ಹತ್ತಿರ ನಿಂತೇ ಮೂರು ಸಲ ಓದಿದೆ. ಉತ್ತರ ಬರೆಯೋಣ ಅಂತ ಕೂತರೆ ಪೆನ್ನು ಓಡುವುದಿಲ್ಲ. ದಿನಾ ರಾತ್ರಿ ವಿಡಿಯೊ ಕಾಲ್ ಮಾಡುತ್ತೇವೆ, ಎಲ್ಲ ಅಲ್ಲೇ ಮುಗಿದಿರುತ್ತದೆ. ಇನ್ನು ಬರೆಯೋಕೆ ಏನಿದೆ? ಯಜಮಾನರು ಬೇರೆ 'ನಂದೂ ಒಂದು ಆಶೀರ್ವಾದ ಸೇರಿಸು' ಅಂದು ಪೇಪರ್ ಓದುತ್ತಾ ಕೂತಿದ್ದಾರೆ."

ಮೇಡಂ, ಮೊದಲು ಪಿನ್ ಕೋಡಿನ ವಿಷಯ ಮುಗಿಸಿಬಿಡೋಣ. ನಮ್ಮ ರಾಜ್ಯದಲ್ಲಿ ಹೊಸಹಳ್ಳಿಗಳಿಗೆ ಬರವೇ? ಒಂದೇ ಹೆಸರಿನ ಊರುಗಳ ಈ ಗೋಜಲು ತಪ್ಪಲಿ ಅಂತಲೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಜಾರಿಗೆ ತಂದರು. ಕಾಗದ ಅಷ್ಟು ಹೊಸಹಳ್ಳಿ ಸುತ್ತಿದರೂ ಕೊನೆಗೆ ನಿಮ್ಮ ಗೇಟಿಗೆ ಬಂತಲ್ಲ, ನಿಮ್ಮ ಅಂಚೆಯಣ್ಣನಿಗೆ ಒಂದು ಲೋಟ ಕಾಫಿ ಕೊಡಿ.

ಇನ್ನು ನಿಮ್ಮ ಪ್ರಶ್ನೆ. ಅದಕ್ಕೆ ಉತ್ತರ ಮೊಮ್ಮಗಳ ಕಾಗದದಲ್ಲೇ ಇದೆ. ಅವಳು ನಿಮಗೊಂದು ಗುಟ್ಟು ಹೇಳಿದ್ದಾಳೆ. ಅದನ್ನು ನೀವು ನನಗೂ ಬರೆದಿದ್ದೀರಿ. ನಾನು ಇಲ್ಲಿ ಅಚ್ಚು ಹಾಕುವುದಿಲ್ಲ, ನಮ್ಮ ಪತ್ರಿಕೆ ಪುಣೆಗೂ ಹೋಗುತ್ತದೆ! ಆದರೆ ಯೋಚಿಸಿ. ವಿಡಿಯೊ ಕಾಲ್ ಅಂದರೆ ಇಡೀ ಮನೆಯದ್ದು. ಪಕ್ಕದಲ್ಲಿ ಅಮ್ಮ, ಹಿಂದೆ ಟಿವಿ, ನಡುವೆ "ಊಟ ಆಯ್ತಾ?" ಅಲ್ಲಿ ಆ ಮಗು ಗುಟ್ಟು ಹೇಳೋದು ಹೇಗೆ? ಗೋಂದು ಹಚ್ಚಿ ಮುಚ್ಚಿದ ಕಾಗದ ನಿಮಗೊಬ್ಬರಿಗೇ ಬಂದದ್ದು. ನೀವೂ ಅವಳೊಬ್ಬಳಿಗೇ ಹೇಳುವಂಥದ್ದು ಬರೆಯಿರಿ. ಅವಳ ವಯಸ್ಸಿನಲ್ಲಿ ನೀವು ಏನು ಬಚ್ಚಿಟ್ಟಿದ್ದಿರಿ? ಅಲ್ಲಿಂದ ಶುರು ಮಾಡಿ.

ಕಾರ್ಡು ಮಾತ್ರ ಬೇಡ. ನಮ್ಮ ದೇಶಕ್ಕೆ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ಅಗ್ಗ, ಆದರೆ ದಾರಿಯಲ್ಲಿ ಎಲ್ಲರೂ ಓದಬಹುದು. ನಮ್ಮೂರಿನಲ್ಲಿ ಅಂಚೆಯಣ್ಣ ಅಂಗಳಕ್ಕೆ ಕಾಲಿಡುತ್ತಲೇ "ಅಮ್ಮಾ, ನಿಮ್ಮ ತಮ್ಮಂಗೆ ಗಂಡು ಮಗು" ಅನ್ನುತ್ತಿದ್ದ, ಕಾರ್ಡು ಆಮೇಲೆ ಕೈಗೆ ಬರುತ್ತಿತ್ತು.

ಹಳೇ ಕಾಗದಗಳೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯ ಗೋಡೆಗೆ ಕೊಕ್ಕೆಯ ತಂತಿಯೊಂದು ನೇತುಹಾಕಿತ್ತು. ಬಂದ ಕಾಗದವನ್ನೆಲ್ಲ ಅದಕ್ಕೇ ಚುಚ್ಚುತ್ತಿದ್ದರು. ಈಚೆಗೆ ಅದನ್ನು ಬಿಚ್ಚಿ ನೋಡಿದೆ. ಮೇಲೆ "ಶ್ರೀ", ಮೂಲೆಯಲ್ಲಿ "ಕ್ಷೇಮ", ಆಮೇಲೆ "ಉಭಯ ಕುಶಲೋಪರಿ ಸಾಂಪ್ರತ". ಅರ್ಧ ಕಾಗದ ಇದಕ್ಕೇ ಹೋಗಿದೆ. ಉಳಿದರ್ಧದಲ್ಲಿ ಸಾಲದ ಲೆಕ್ಕ, ಬಾರದ ಮಳೆ. ಮನೆಮಂದಿಗೆಲ್ಲ ಜ್ವರ ಬಂದು ಮಲಗಿದ್ದಾಗಲೂ "ಇತ್ತ ಎಲ್ಲರೂ ಕ್ಷೇಮ" ಅಂತಲೇ ಬರೆದವರು ನಮ್ಮವರು.

ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪನ ಕಾಗದಗಳೂ ಹಾಗೇ ಇರುತ್ತಿದ್ದವು. ನೀಲಿ ಇನ್‌ಲ್ಯಾಂಡಿನ ತುಂಬ ದುಂಡಗಿನ ಅಕ್ಷರದಲ್ಲಿ ಉಪದೇಶ. ಅಪ್ಪ ಬರೆದು ಮುಗಿಸಿದ ಮೇಲೆ ಅಮ್ಮನ ಸರದಿ. ಅವಳಿಗೆ ಉಳಿಯುತ್ತಿದ್ದದ್ದು ಮಡಚಿ ಅಂಟಿಸುವ ಅಂಚಿನ ಪಟ್ಟಿ ಮಾತ್ರ. ಎರಡನೇ ಕ್ಲಾಸು ಓದಿದವಳು, ಒತ್ತಕ್ಷರ ಬಿಟ್ಟೇ ಬರೆಯುತ್ತಿದ್ದಳು. "ಅಟದ ಮೇಲೆ ಬೆಕು ಮೂರು ಮರಿ ಹಾಕಿದೆ. ನಿನ ಹಾಸಿಗೆ ಮೇಲೇ." ಅಪ್ಪನ ಉಪದೇಶದಲ್ಲಿ ಒಂದು ಸಾಲೂ ಈಗ ನೆನಪಿಲ್ಲ. ಈ ಬೆಕ್ಕು ಮಾತ್ರ ಅಟ್ಟದ ಮೇಲೆ ಇನ್ನೂ ಕೂತಿದೆ. ಒಂದು ಸಲ ಆತುರದಲ್ಲಿ ಬೆರಳು ತೂರಿಸಿ ಕಾಗದ ಒಡೆದೆ. ಪಟ್ಟಿ ಸೀಳಿ "ನಿನಗೆ ಅಂತ" ಅನ್ನುವಷ್ಟೇ ಕೈಗೆ ಬಂತು. ಮುಂದಿನದು ಗೋಂದಿಗೆ ಹತ್ತಿಕೊಂಡು ಚಿಂದಿಯಾಗಿತ್ತು. ನನಗೆ ಅಂತ ಏನು ಎತ್ತಿಟ್ಟಿದ್ದಳು? ರಜಕ್ಕೆ ಊರಿಗೆ ಹೋದಾಗ ಕೇಳಲು ಮರೆತೆ. ಈಗ ಕೇಳೋಣವೆಂದರೆ ಅವಳಿಲ್ಲ.

ಇನ್‌ಲ್ಯಾಂಡ್ ಹೋದ ತಿಂಗಳು ನಾನೇ ತಂದೆ, ಎರಡೂವರೆ ರೂಪಾಯಿ. ಕೌಂಟರಿನ ಹುಡುಗಿ ಡ್ರಾಯರೆಲ್ಲ ತಡಕಿ ಕೊಟ್ಟಳು. ನಾಲ್ಕೈದು ಒಟ್ಟಿಗೇ ತಂದಿಟ್ಟುಕೊಳ್ಳಿ. ಇಂಕ್ ಪೆನ್ನು ಬೇಡ, ಮಳೆಗಾಲ. ಬಾಲ್ ಪೆನ್ನೇ ಸಾಕು. ಕೈ ನಡುಗಿ ಅಕ್ಷರ ಸೊಟ್ಟಗಾದರೆ ಹಾಗೇ ಕಳಿಸಿ. ಟೀಚರ್ ಅಂತ ಇನ್ನೊಂದು ಹಾಳೆಯಲ್ಲಿ ತಿದ್ದಿ ಬರೆಯಲು ಕೂರಬೇಡಿ, ಹಾಗಾದರೆ ಕಾಗದ ಈ ಜನ್ಮದಲ್ಲಿ ಡಬ್ಬಿ ಸೇರುವುದಿಲ್ಲ. ಹೆಚ್ಚು ಕಡಿಮೆ ಮುಗಿಯಿತು ಅನ್ನುವಾಗ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಪೇಪರ್ ಕಿತ್ತುಕೊಂಡು ಕಾಗದ ಪೆನ್ನು ಯಜಮಾನರ ಕೈಗೆ ಕೊಡಿ. ಅವರ ಆಶೀರ್ವಾದ ಅವರೇ ಬರೆಯಲಿ. ಗೋಂದಿನ ಅಂಚಿಗೆ ಮಾತ್ರ ಬೇಡ ಅಂತ ಹೇಳಿ.

- ಸಂ.