ಕುಡಿದು ಓಡಿಸಿ ಸಾಯುವವರು ನೂರಕ್ಕೆ ಮೂರೂ ಇಲ್ಲ ಅಂದ್ಮೇಲೆ ರಾತ್ರಿ ತಪಾಸಣೆ ಯಾಕೆ?

ನೀವು ಕೊಟ್ಟ ಲೆಕ್ಕ ಸರಿಯಾಗೇ ಇದೆ. ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ರಸ್ತೆಯಲ್ಲಿ ಸತ್ತವರು 1,68,491 ಜನ. ಅಪಘಾತದ ಕಾರಣ ಬರೆಯುವಲ್ಲಿ ಕುಡಿತದ ಕಾಲಂಗೆ ಬಿದ್ದವರು ನೂರಕ್ಕೆ ಎರಡೂವರೆಯಷ್ಟು, ಅತಿವೇಗದ ಕಾಲಂಗೆ ಎಪ್ಪತ್ತರ ಮೇಲೆ. ಆದರೆ ಆ ಕಾಲಂ ತುಂಬುವುದು ಹೇಗೆ ಅಂತ ನೋಡಬೇಕು.

ನಾನು ಅಪಘಾತ ಪರಿಹಾರದ ಕೇಸು ನಡೆಸುವ ವಕೀಲ. ಯಾವ ಎಫ್‌ಐಆರ್ ತೆಗೆದರೂ ಹೆಚ್ಚುಕಮ್ಮಿ ಅದೇ ಸಾಲು: 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು'. ಅದೇ ಫೈಲಿನಲ್ಲಿ ಹಿಂದೆಲ್ಲೋ ಆಸ್ಪತ್ರೆಯ ಹಾಳೆ ಇರುತ್ತದೆ. ಅದರ ಮೂಲೆಯಲ್ಲಿ ಡಾಕ್ಟರು ಬಾಯಲ್ಲಿ ಮದ್ಯದ ವಾಸನೆ ಇದೆ ಅಂತ ಗೀಚಿರುತ್ತಾರೆ. ರಕ್ತ ಮಾತ್ರ ತೆಗೆದಿರುವುದಿಲ್ಲ. ಬರೀ ವಾಸನೆ ಹಿಡಿದುಕೊಂಡು ಕೇಸು ನಿಲ್ಲಲ್ಲ. ಕುಡಿದು ಓಡಿಸಿದ್ದಕ್ಕೆ ಹಾಕುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ಕ್ಕೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದೆ ಅಂತ ಪರೀಕ್ಷೆಯಲ್ಲೇ ಬರಬೇಕು. ಹಾಗಾಗಿ ಅತಿವೇಗ ಅಂತ ಬರೆದು ಮುಗಿಸುತ್ತಾರೆ. ಅದೇನೂ ಸುಳ್ಳಲ್ಲ ಬಿಡಿ, ಕುಡಿದವನು ಜೋರಾಗಿಯೇ ಓಡಿಸಿರುತ್ತಾನೆ.

ತಡವಾದರೆ ಇನ್ನೂ ಕಷ್ಟ. ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ಹೈವೇಯಲ್ಲಿ ಬಿದ್ದವನನ್ನು ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಸಾಗಿಸಿ ರಕ್ತ ತೆಗೆಯುವಷ್ಟರಲ್ಲಿ ನಾಲ್ಕು ಗಂಟೆ ಹೋಯಿತು ಅನ್ನಿ. 80 ಇದ್ದದ್ದು 20ಕ್ಕೆ ಬಂದಿರುತ್ತದೆ. ಮಿತಿಯೊಳಗೇ ಇದ್ದ ಅಂತಾಯಿತು!

ಒಬ್ಬನೇ ಬೈಕಿನಲ್ಲಿ ಹೋಗಿ ಡಿವೈಡರ್‌ಗೆ ಗುದ್ದಿ ಸತ್ತರೆ ಕೇಳುವವರೇ ಇಲ್ಲ. ಕುಡಿದಿದ್ದ ಅಂತ ದಾಖಲಾದರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಯ ದುಡ್ಡು ಕೈತಪ್ಪುತ್ತದೆ ಅಂತ ಮನೆಯವರೂ ಬಾಯಿ ಬಿಡುವುದಿಲ್ಲ. ಅವರನ್ನು ದೂರುವ ಮನಸ್ಸು ನನಗಂತೂ ಇಲ್ಲ. ಕುಡಿದು ರಸ್ತೆ ದಾಟುವಾಗ ಸತ್ತವರು ಈ ಕಾಲಂಗೆ ಬರುವುದೇ ಇಲ್ಲ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಿತಿ 80 ಮಿಲಿಗ್ರಾಂ. ಆದರೂ ರಸ್ತೆ ಸಾವುಗಳಲ್ಲಿ ನೂರಕ್ಕೆ ಸುಮಾರು ಮೂವತ್ತರಲ್ಲಿ ಕುಡಿದ ಚಾಲಕ ಇರುತ್ತಾನೆ. ಅಲ್ಲಿ ಸತ್ತ ಚಾಲಕರ ರಕ್ತವನ್ನೂ ಪರೀಕ್ಷೆಗೆ ಕಳಿಸುವ ರೂಢಿ ಇದೆ. ನಮ್ಮಲ್ಲೂ ಅಷ್ಟೇ ಇದೆ ಅಂತ ಹೇಳುತ್ತಿಲ್ಲ, ಇಲ್ಲಿ ಕುಡಿಯುವವರೇ ಕಮ್ಮಿ. ಆದರೆ ಎರಡೂವರೆ ಅನ್ನುವುದು ನಂಬುವ ಮಾತಾ?

ತಪಾಸಣೆ ಬೇಕೇ ಬೇಕು. ನನ್ನ ತಕರಾರು ಅದು ನಡೆಯುವ ಜಾಗದ ಬಗ್ಗೆ. ಬೆಂಗಳೂರಿನಲ್ಲಿ ವಾರಾಂತ್ಯದ ರಾತ್ರಿ ಫ್ಲೈಓವರ್ ಕೆಳಗೆ ನಿಲ್ಲಿಸಿ ಉಸಿರಲ್ಲಿ ಮದ್ಯ ಅಳೆಯುವ ಮಷೀನಿಗೆ ಊದಿಸುತ್ತಾರೆ. ಹೈವೇ ಡಾಬಾದಿಂದ ಹೊರಡುವ ಲಾರಿ, ಕಾರಿನವರ ಮುಂದೆ ಆ ಮಷೀನು ಹಿಡಿದದ್ದನ್ನು ನಾನು ನೋಡಿದ್ದು ತೀರಾ ಅಪರೂಪ.