ಮನೆಯಲ್ಲೇ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇನೆ. ವ್ಯಾಪಾರಕ್ಕೆ ಒಳ್ಳೆ ಹೆಸರು ಬರಬೇಕಾದರೆ, ಅದು ಉಳಿಯಬೇಕಾದರೆ ಏನು ಮಾಡಬೇಕು? ಆನ್‌ಲೈನ್ ರಿವ್ಯೂಗಳ ವಿಷಯದಲ್ಲಿ ಏನು ಮಾಡಬೇಕು?

ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಖಾರದಪುಡಿ ಮಾಡಿ ಮಾರುತ್ತಿದ್ದೇನೆ. ಹೆಸರು ಬರೋದಕ್ಕೆ ನನ್ನ ಹತ್ತಿರ ಅಂಥ ಗುಟ್ಟೇನೂ ಇಲ್ಲ. ಮಾಲು ಚೆನ್ನಾಗಿದ್ದರೆ ಪಕ್ಕದ ಮನೆಯವರೇ ಸುದ್ದಿ ಹಬ್ಬಿಸುತ್ತಾರೆ. ಉಳಿಸಿಕೊಳ್ಳೋದು ಮಾತ್ರ ಪೆಟ್ಟು ತಿಂದು ಕಲಿತದ್ದು. ಅದನ್ನೇ ಹೇಳುತ್ತೇನೆ.

ನಮ್ಮದು ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಬಣ್ಣ ಜಾಸ್ತಿ, ಖಾರ ಕಮ್ಮಿ. ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ಸರಕು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಪ್ಯಾಕೆಟ್ ಮೇಲೆ ಬ್ಯಾಡಗಿ ಅಂತ ಬರೆದ ಮೇಲೆ ಒಳಗೂ ಅದೇ ಇರಬೇಕು, ಅಲ್ವಾ? ಖಾರ ಬೇಕು ಅನ್ನುವವರಿಗೆ ಗುಂಟೂರು ಕಾಯಿ ಬೆರೆಸಿ ಕೊಡುತ್ತೇನೆ, ಆದರೆ ಆ ಪ್ಯಾಕೆಟ್ ಮೇಲೆ ‘ಗುಂಟೂರು ಬೆರೆಸಿದ್ದು’ ಅಂತ ಬರೆದಿರುತ್ತದೆ.

ಒಂದು ವರ್ಷ ಕಾಯಿಯ ರೇಟು ಸಿಕ್ಕಾಪಟ್ಟೆ ಏರಿತ್ತು. ಸ್ವಲ್ಪ ಕಡಿಮೆಗೆ ಸಿಕ್ಕಿತು ಅಂತ ಒಂದು ದಲಾಲಿ ಅಂಗಡಿಯಿಂದ ಎರಡು ಚೀಲ ತಂದೆ. ಮೇಲೆಲ್ಲ ಗರಿಗರಿ, ನಡುವೆ ತೇವ. ತೂಕ ಬರಲಿ ಅಂತ ಯಾರೋ ನೀರು ಚಿಮುಕಿಸಿದ್ದರು. ತೊಟ್ಟು ಬಿಡಿಸಲು ಬಂದ ಹೆಣ್ಣುಮಗಳು ಅವತ್ತೇ ಹೇಳಿದ್ದಳು, “ಅಕ್ಕಾರ, ಇವು ಮೆತ್ತಗ ಅದಾವ್ರಿ.” ಮದುವೆ ಸೀಸನ್, ಆರ್ಡರ್ ತಲೆ ಮೇಲೆ ಕೂತಿತ್ತು. ಒಂದು ದಿನ ಬಿಸಿಲಿಗೆ ಹರವಿ ಗಿರಣಿಗೆ ಕಳಿಸಿಬಿಟ್ಟೆ. ತಪ್ಪು ದಲಾಲಿಯದಷ್ಟೇ ಅಲ್ಲ, ನನ್ನದೂ ಹೌದು.

ಹತ್ತು ದಿನಕ್ಕೆ ಫೋನು. “ಅಕ್ಕಾರ, ಈ ಸಲದ ಖಾರ ಯಾಕೋ ಮುಗ್ಗ ವಾಸನಿ ಹೊಡ್ಯಾಕತ್ತೈತಿ ನೋಡ್ರಿ.” ಉಳಿದಿದ್ದ ನಾಲ್ಕು ಕಾಯಿ ಮುರಿದು ನೋಡಿದೆ. ಹೊರಗೆ ಕೆಂಪಗೆ ಹೊಳೆಯುತ್ತಿವೆ, ಒಳಗೆ ಬೀಜದ ಸುತ್ತ ಬೂದು ಬಣ್ಣದ ಬೂಸು.

ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಆ ಪುಡಿ 41 ಮನೆಗೆ, ಎರಡು ಖಾನಾವಳಿಗೆ ಹೋಗಿತ್ತು. ಮೈದುನ, “ಗೊತ್ತಾಗದವರಿಗೆ ಯಾಕೆ ಹೇಳ್ತೀರಿ ವೈನಿ, ಸುಮ್ನಿರ್ರಿ” ಅಂದ. ಅವನ ಮಾತು ಒಂದು ಗಳಿಗೆ ಸರಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎದ್ದು ಎಲ್ಲರಿಗೂ ಫೋನ್ ಮಾಡಿದೆ: ಪುಡಿ ಕೆಟ್ಟಿದೆ, ಬಳಸಬೇಡಿ, ಬೇರೆ ಕೊಡುತ್ತೇನೆ, ಇಲ್ಲಾ ದುಡ್ಡು ವಾಪಸ್. ಅರ್ಧಕ್ಕರ್ಧ ಜನಕ್ಕೆ ವಾಸನೆಯೇ ಗೊತ್ತಾಗಿರಲಿಲ್ಲ. ಒಬ್ಬರು ಅದೇ ಪುಡಿ ಹಾಕಿ ಮಾವಿನ ಉಪ್ಪಿನಕಾಯಿ ಹಾಕಿಬಿಟ್ಟಿದ್ದರು, ಅವರಿಗೆ ಮಾವಿನಕಾಯಿ, ಎಣ್ಣೆಯ ದುಡ್ಡೂ ಕೊಟ್ಟೆ. 68 ಕಿಲೋ ಪುಡಿ ಗುಂಡಿಗೆ ಹೋಯಿತು.

ಒಂದು ಖಾನಾವಳಿಯವರು ಬೈದು ಹೋದರು, ಇವತ್ತಿಗೂ ಬಂದಿಲ್ಲ. ಹೋಗಲಿ, ಅವರದ್ದೂ ತಪ್ಪಲ್ಲ. ಇನ್ನೊಂದು ಖಾನಾವಳಿಯವರು ಈಗಲೂ ಪ್ರತಿ ಸಲ ನಗುತ್ತಾ ಕೇಳುತ್ತಾರೆ, “ಈ ಸಲ ಕಾಯಿ ಮೆತ್ತಗಿಲ್ಲಲ್ರೀ?” ಕೇಳಿ, ತಿಂಗಳಿಗೆ ಹತ್ತು ಕಿಲೋ ಒಯ್ಯುತ್ತಾರೆ.

ಆಮೇಲಿಂದ ಚೀಲದ ನಡುವೆ ಕೈ ಹಾಕಿ ಕಾಯಿ ತೆಗೆದು ಅಲ್ಲಾಡಿಸಿ ನೋಡುತ್ತೇನೆ. ಒಣಗಿದ ಕಾಯಿಯೊಳಗೆ ಬೀಜ ಗಲಗಲ ಅನ್ನುತ್ತದೆ. ಯಾವ ದಿನ ಬೀಸಿದ ಪುಡಿ ಯಾರಿಗೆ ಹೋಯಿತು ಅಂತ ಮೊದಲಿನಿಂದಲೂ ಬರೆದಿಡುತ್ತೇನೆ. ಈ ಪುಸ್ತಕ ಇಲ್ಲದಿದ್ದರೆ ಅವತ್ತು ಫೋನ್ ಮಾಡೋದಾದರೂ ಯಾರಿಗೆ? ನೀವೂ ಮೊದಲ ದಿನದಿಂದಲೇ ಬರೆಯಿರಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇನ್ನೂ ಮಾಡಿಸಿಲ್ಲದಿದ್ದರೆ ಮಾಡಿಸಿಕೊಳ್ಳಿ, ಮನೆಯಲ್ಲಿ ಮಾಡಿ ಮಾರಿದರೂ ಬೇಕು.

ರಿವ್ಯೂ ಬಗ್ಗೆ ಕೇಳಿದ್ದೀರಿ. ನಮ್ಮ ಮಗ ಒಮ್ಮೆ ಒಂದೇ ಸಂಜೆ ನೆಂಟರಿಂದೆಲ್ಲ ಐದೈದು ಸ್ಟಾರ್ ಹಾಕಿಸಿದ. ನೋಡಿದರೆ ಅರ್ಧ ಜನರದ್ದು ನಮ್ಮದೇ ಅಡ್ಡಹೆಸರು! ನಾಚಿಕೆಯಾಗಿ ತೆಗೆಸಿದೆ. ಕೆಟ್ಟ ರಿವ್ಯೂ ಬಂದರೆ ಅಲ್ಲೇ ವಾದಕ್ಕೆ ಇಳಿಯಬೇಡಿ. ಎರಡು ಸಾಲು ಉತ್ತರ ಬರೆದು, ಫೋನಿನಲ್ಲಿ ಮಾತಾಡಿ.

ಅಂದಹಾಗೆ, ಸಾಂಬಾರ್ ಪುಡಿಗೆ ಕಾಯಿ ಎಲ್ಲಿಂದ ತರುತ್ತೀರಿ ಅಂತ ನೀವು ಬರೆದಿಲ್ಲ. ಎಲ್ಲಿಂದಲಾದರೂ ಸರಿ, ಹುರಿಯೋ ಮೊದಲು ನಾಲ್ಕು ಮುರಿದು ಬೀಜ ನೋಡಿಬಿಡಿ.